ಮುಂಗಾರಿಗೆ ಮೊದಲು ಮಲೆನಾಡಿನ ಮನೆ: ಮಾಡಿನ ನೆತ್ತಿಯಿಂದ ಹಳ್ಳದವರೆಗೆ

ಯುಗಾದಿಗೆ ಮನೆ ತೊಳೆಯುವ ಪದ್ಧತಿ ನಾಡಿನ ಎಲ್ಲ ಕಡೆಯೂ ಇದೆ. ಅಟ್ಟದ ಸಾಮಾನು ಇಳಿಸಿ, ಪಾತ್ರೆ ಬೆಳಗಿ, ಗೋಡೆಗೆ ಸುಣ್ಣ ಬಳಿದು, ಬಾಗಿಲಿಗೆ ಮಾವಿನ ತೋರಣ ಕಟ್ಟಿದರೆ ಬಯಲುಸೀಮೆಯ ಮನೆಗಳಲ್ಲಿ ವರ್ಷದ ದೊಡ್ಡ ಕೆಲಸ ಮುಗಿದ ಹಾಗೆ. ಮಲೆನಾಡಿನಲ್ಲಿ ಕೆಲಸ ಶುರುವಾಗುವುದೇ ಹಬ್ಬ ಕಳೆದ ಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಸಾವಿರ ಚದರಡಿಯ ಮಾಡಿನ, ಅಂದರೆ ಛಾವಣಿಯ, ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆಯಾದರೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಸೂರಿನಿಂದ ಇಳಿಯುತ್ತದೆ. ಎರಡು ಟ್ಯಾಂಕರಿನಷ್ಟು ನೀರನ್ನು ಒಂದೇ ದಿನ ಅಂಗಳಕ್ಕೆ ತಂದು ಸುರಿದಂತೆ. ಆ ನೀರಿಗೆ ದಾರಿ ಮಾಡಿಕೊಡದಿದ್ದರೆ ಅದೇ ತನ್ನ ದಾರಿ ಹುಡುಕಿಕೊಳ್ಳುತ್ತದೆ, ಮತ್ತು ಆ ದಾರಿ ಬಹಳ ಸಲ ನಮ್ಮ ಗೋಡೆಯೊಳಗೆ ಇರುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ. ಹಿಂಭಾಗಕ್ಕೆ ಅಡುಗೆಮನೆ, ಬಚ್ಚಲು ಸೇರಿಸಿ ತಾರಸಿ ಹಾಕಲಾಗಿದೆ. ಹೀಗಾಗಿ ಎರಡು ರೀತಿಯ ಮಾಡಿನ ಕಷ್ಟವೂ ನಮಗೆ ಗೊತ್ತು. ಇಷ್ಟು ವರ್ಷ ಈ ಮನೆಯನ್ನು ನೋಡಿಕೊಂಡ ಅನುಭವದಿಂದ ಹೇಳುವುದಾದರೆ, ಮಳೆಗಾಲದ ತಯಾರಿಗೆ ಇರುವ ಸರಿಯಾದ ಕ್ರಮ ಒಂದೇ: ಮಾಡಿನ ನೆತ್ತಿಯ ಮೇಲೆ ಬಿದ್ದ ಹನಿ ಯಾವ ದಾರಿಯಲ್ಲಿ ಹಳ್ಳ ಸೇರುತ್ತದೆಯೋ ಅದೇ ದಾರಿಯಲ್ಲಿ ನೀವೂ ಇಳಿಯುತ್ತ ಬನ್ನಿ. ಗೋಡೆಗೆ ಮೊದಲು ಸುಣ್ಣ ಬಳಿದು ಆಮೇಲೆ ಹೆಂಚು ತೆಗೆಸಿದರೆ ಮಸಿಯೆಲ್ಲ ಹೊಸ ಗೋಡೆಯ ಮೇಲೆ ಇಳಿಯುತ್ತದೆ. ಚರಂಡಿ ಮೊದಲು ಬಿಡಿಸಿದರೆ ಮಾಡಿನಿಂದ ಕೆರೆದ ಪಾಚಿ ಬಂದು ಅದನ್ನೇ ತುಂಬುತ್ತದೆ.

ಕಾಲದ ಲೆಕ್ಕವನ್ನು ನಾವು ಮಳೆ ನಕ್ಷತ್ರಗಳಿಂದಲೇ ಇಟ್ಟುಕೊಳ್ಳುತ್ತೇವೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ. ನೈಋತ್ಯ ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳ ಮುಟ್ಟಿ, ನಾಲ್ಕೈದು ದಿನಗಳಲ್ಲಿ ನಮ್ಮ ಕರಾವಳಿಗೆ ಬರುತ್ತದೆ. ಹಾಗೆಂದು ಮೇ ಕೊನೆಯವರೆಗೂ ಸಮಯವಿದೆ ಎಂದುಕೊಳ್ಳಬೇಡಿ. ಭರಣಿಯ ಒಂದೇ ಗುಡುಗು ಮಳೆ ತೆಗೆದಿಟ್ಟ ಹೆಂಚಿನ ನಡುವಿನಿಂದ ಮನೆಯನ್ನೆಲ್ಲ ತೋಯಿಸಬಲ್ಲದು. ಮಾಡಿನ ಕೆಲಸ ಭರಣಿ ಹುಟ್ಟುವುದರೊಳಗೆ ಮುಗಿಯಬೇಕು, ನೆಲದ ಕೆಲಸ ರೋಹಿಣಿಯೊಳಗೆ.

ಹೆಂಚಿನ ಮಾಡು

ಮಂಗಳೂರು ಹೆಂಚು ಎಂದು ನಾವು ಕರೆಯುವ ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಅಂಚು, ಕೆಳಗೆ ರೀಪಿಗೆ, ಅಂದರೆ ಹೆಂಚು ಕೂರುವ ಅಡ್ಡಪಟ್ಟಿಗೆ, ಸಿಕ್ಕಿಕೊಳ್ಳುವ ಮೂಗು, ನೀರು ಇಳಿಯಲು ಗಾಡಿ ಎನ್ನುವ ಉದ್ದನೆಯ ತಗ್ಗು. ಇಷ್ಟು ಸರಳವಾದ ವಸ್ತು ನೂರು ವರ್ಷ ಬಾಳುತ್ತದೆ, ಒಡೆದ ಒಂದನ್ನು ತೆಗೆದು ಇನ್ನೊಂದನ್ನು ಇಡುವವರು ಇದ್ದರೆ.

ಸೋರುವ ಜಾಗ ಹುಡುಕುವುದೇ ಮೊದಲ ಕೆಲಸ. ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ ಅಟ್ಟ ಹತ್ತಿ, ಕಿಟಕಿಗಳನ್ನೆಲ್ಲ ಮುಚ್ಚಿ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ತಲೆ ಎತ್ತಿ ನೋಡಿ. ಹೆಂಚಿನ ಸಾಲಿನಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣುತ್ತದೆ. ಕೆಲವು ಚುಕ್ಕೆಗಳು, ಕೆಲವು ಕೂದಲೆಳೆಯಂಥ ಗೆರೆಗಳು. ಚುಕ್ಕೆ ಎಂದರೆ ಹೆಂಚು ಜರುಗಿದೆ, ಗೆರೆ ಎಂದರೆ ಸೀಳಿದೆ. ಪ್ರತಿಯೊಂದರ ಕೆಳಗಿನ ಪಕಾಸಿಗೆ, ಅಂದರೆ ರೀಪುಗಳನ್ನು ಹೊರುವ ಇಳಿಜಾರಿನ ಮರಕ್ಕೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಕು ಕಾಣದ ಕಡೆಯೂ ಸೋರುವುದುಂಟು. ಅದಕ್ಕೆ ಪಕಾಸಿಯ ಬಣ್ಣ ನೋಡಬೇಕು. ಮರದ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ ಇದ್ದರೆ ಕಳೆದ ವರ್ಷ ಅಲ್ಲಿ ನೀರು ಹರಿದಿದೆ. ನೀರು ಪಕಾಸಿಯನ್ನು ಹಿಡಿದು ಇಳಿಜಾರಿಗೆ ಹರಿದು ಬಂದು ತೊಟ್ಟಿಕ್ಕುವುದರಿಂದ ತೂತು ಯಾವಾಗಲೂ ಹನಿ ಬೀಳುವ ಜಾಗಕ್ಕಿಂತ ಮೇಲೆಯೇ ಇರುತ್ತದೆ. ಕಲೆ ಎಲ್ಲಿ ಶುರುವಾಗಿದೆ ಎಂದು ಹುಡುಕುತ್ತ ಮೇಲಕ್ಕೆ ಹೋಗಿ.

ಇನ್ನು ಮಾಡು ಹತ್ತುವುದು. ಇದು ಅಭ್ಯಾಸ ಇರುವವರ ಕೆಲಸ. ಕೂಲಿ ಉಳಿಸಲು ಹೋಗಿ ಬೆನ್ನು ಮುರಿದುಕೊಂಡವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಹತ್ತುವವರು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹತ್ತಿ ಹನ್ನೊಂದರೊಳಗೆ ಇಳಿಯಲಿ. ಆಮೇಲೆ ಹೆಂಚು ಕಾದು ಕಾಲು ಊರಲು ಆಗುವುದಿಲ್ಲ. ಹೆಂಚಿನ ನಡುವೆ ಹೆಜ್ಜೆ ಇಟ್ಟರೆ ಮುರಿಯುತ್ತದೆ. ಎರಡು ಹೆಂಚು ಒಂದರ ಮೇಲೊಂದು ಕೂರುವ, ಕೆಳಗೆ ರೀಪು ಇರುವ ಸಾಲಿನ ಮೇಲೆಯೇ ಕಾಲಿಡಬೇಕು. ಅದಕ್ಕಿಂತ ಒಳ್ಳೆಯದು ಮಾಡಿನ ಮೇಲೆ ಬಿದಿರಿನ ಏಣಿ ಮಲಗಿಸಿ, ಅದನ್ನು ನೆತ್ತಿಯ ಆಚೆ ಬದಿಗೆ ಹಗ್ಗದಿಂದ ಬಿಗಿದು, ಏಣಿಯ ಮೇಲೆಯೇ ಓಡಾಡುವುದು. ಸೊಂಟಕ್ಕೊಂದು ಹಗ್ಗ ಇರಲೇಬೇಕು.

ಮೇಲೆ ಹೋದವರು ಮಾಡಬೇಕಾದದ್ದು ಇಷ್ಟು: ಒಣಗಿದ ಪಾಚಿಯನ್ನು ತೆಂಗಿನ ನಾರಿನ ಬ್ರಷ್ ಅಥವಾ ಮೊಂಡು ಹಿಡಿಸೂಡಿಯಿಂದ ಮೇಲಿನಿಂದ ಕೆಳಕ್ಕೆ ಉಜ್ಜುವುದು. ಏಪ್ರಿಲ್ ಬಿಸಿಲಿಗೆ ಅದು ಹಪ್ಪಳದ ಹಾಗೆ ಎದ್ದು ಬರುತ್ತದೆ. ತಂತಿಯ ಬ್ರಷ್ ಬೇಡ, ಅದು ಹೆಂಚಿನ ಮೈಯನ್ನೇ ಕೆರೆದು ಮುಂದಿನ ಪಾಚಿಗೆ ಇನ್ನಷ್ಟು ನೆಲೆ ಮಾಡಿಕೊಡುತ್ತದೆ. ಗಾಡಿಗಳಲ್ಲಿ ಸಿಕ್ಕಿದ ಎಲೆ, ಹಲಸಿನ ಹೂವಿನ ಕಸ, ಇಲಿ ತಂದಿಟ್ಟ ನಾರು, ಎಲ್ಲವನ್ನೂ ತೆಗೆಯುವುದು. ಅನುಮಾನ ಬಂದ ಹೆಂಚನ್ನು ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಗಟ್ಟಿ ಹೆಂಚು ‘ಠಣ್’ ಎನ್ನುತ್ತದೆ, ಒಳಗೆ ಸೀಳು ಬಿಟ್ಟದ್ದು ‘ದಬ್’ ಎಂದು ಸದ್ದು ಸತ್ತುಹೋಗುತ್ತದೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ.

ಬದಲಿ ಹೆಂಚು ತರುವ ಮೊದಲು ನಿಮ್ಮ ಹಳೆಯ ಹೆಂಚಿನ ಮೇಲಿರುವ ಕಾರ್ಖಾನೆಯ ಅಚ್ಚು ಓದಿಕೊಳ್ಳಿ. ಒಂದೊಂದು ಕಾರ್ಖಾನೆಯ ಅಚ್ಚಿನ ಅಳತೆ ಕೂದಲೆಳೆಯಷ್ಟು ಬೇರೆ. ಬೇರೆ ಕಾರ್ಖಾನೆಯ ಹೆಂಚು ಸಾಲಿನ ನಡುವೆ ತುರುಕಿದರೆ ಕಚ್ಚಿಕೊಳ್ಳದೆ ಒಂದು ಬದಿ ಎತ್ತಿಕೊಂಡೇ ಇರುತ್ತದೆ. ಹೊಸದಾಗಿ ಕೊಳ್ಳುವುದಕ್ಕಿಂತ ಹಳೆ ಮನೆ ಕಳಚುವ ಕಡೆ ಅದೇ ಅಚ್ಚಿನ ನೂರು ಹೆಂಚು ತಂದು ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿಡುವುದು ಜಾಣತನ. ಮಲಗಿಸಿ ಪೇರಿಸಬೇಡಿ, ಕೆಳಗಿನವು ಬಿರಿಯುತ್ತವೆ.

ನೆತ್ತಿಯ ಮೂಲೆಹೆಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಸಡಿಲಾದುದನ್ನು ಪೂರ್ತಿ ಕೆತ್ತಿ, ನೀರು ಚಿಮುಕಿಸಿ, ಹೊಸ ಗಾರೆ ಕೊಟ್ಟು ಕನಿಷ್ಠ ಒಂದು ವಾರ ಹೊತ್ತು ಹೊತ್ತಿಗೆ ನೀರು ಹಾಕಿ. ಬಿಸಿಲಿಗೆ ಒಣಗಲು ಬಿಟ್ಟ ಗಾರೆ ಮೊದಲ ಮಳೆಗೇ ಮತ್ತೆ ಬಿರಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಹರಣಿ. ಎರಡು ಮಾಡು ಕೂಡುವ ಸಂದಿನಲ್ಲಿ ಕೂರಿಸಿದ ತಗಡಿನ ದೋಣಿ ಅದು. ಎರಡೂ ಕಡೆಯ ನೀರು ಅಲ್ಲಿಗೇ ಬರುತ್ತದೆ. ಒಂದು ವರ್ಷ ಮಾಡನ್ನೆಲ್ಲ ಚೊಕ್ಕಟ ಮಾಡಿಸಿ ಹರಣಿಯನ್ನು ನಾಳೆ ನೋಡೋಣ ಎಂದು ಬಿಟ್ಟೆವು. ಹಲಸಿನ ಎಲೆ ಕಟ್ಟಿ, ಜುಲೈ ತಿಂಗಳ ಒಂದು ರಾತ್ರಿ ನೀರು ಹಿಮ್ಮುಖವಾಗಿ ಉಕ್ಕಿ ಹೆಂಚಿನಡಿಗೆ ನುಗ್ಗಿತು. ಬೆಳಗಾಗುವ ಹೊತ್ತಿಗೆ ಮರದ ಪೆಟ್ಟಿಗೆಯಲ್ಲಿದ್ದ ಅಪ್ಪನ ಕಾಗದ ಪತ್ರಗಳು ಮುದ್ದೆಯಾಗಿದ್ದವು. ಅಂದಿನಿಂದ ನಮ್ಮ ಪಟ್ಟಿಯಲ್ಲಿ ಹರಣಿಗೇ ಮೊದಲ ಸ್ಥಾನ. ಎಲೆ ತೆಗೆದು, ತಗಡನ್ನು ಒಣಬಟ್ಟೆಯಿಂದ ಒರೆಸಿ, ತುಕ್ಕು ಹಿಡಿದ ಕಡೆ ಉಜ್ಜಿ ತುಕ್ಕು ನಿರೋಧಕ ಬಣ್ಣ ಬಳಿಯಿರಿ. ಕೊನೆಗೆ ಒಂದು ಕೊಡ ನೀರು ಮೇಲಿನ ತುದಿಯಿಂದ ಸುರಿಯಿರಿ. ಅದು ತಡೆಯಿಲ್ಲದೆ ಕೆಳಗಿನ ತುದಿಯಲ್ಲಿ ಧಾರೆಯಾಗಿ ಬೀಳಬೇಕು. ಎಲ್ಲಾದರೂ ನಿಂತರೆ ಅಲ್ಲಿ ತಗಡು ಜಗ್ಗಿದೆ, ಕೆಳಗೆ ಆಧಾರ ಕೊಡಬೇಕು. ಮಳೆಗಾಲದ ನಡುವೆಯೂ ಮಳೆ ಬಿಟ್ಟು ಹೊಳವು ಸಿಕ್ಕ ದಿನ ಒಮ್ಮೆ ಎಲೆ ತೆಗೆಸಿ.

ಮರಮಟ್ಟು ಮತ್ತು ಒರಲೆ

ಹೆಂಚು ತೆಗೆದಾಗಲೇ ಪಕಾಸಿ, ರೀಪುಗಳನ್ನು ನೋಡಿಬಿಡಿ. ದಪ್ಪ ಸೂಜಿ ಅಥವಾ ಸ್ಕ್ರೂಡ್ರೈವರ್‌ನಿಂದ ಚುಚ್ಚಿದಾಗ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ಆ ಮರ ಹೋಯಿತು. ಸೂರಿನ ತುದಿ, ಗೋಡೆಯ ಮೇಲೆ ಕೂರುವ ಭಾಗ, ಈ ಎರಡು ಕಡೆ ತಪ್ಪದೆ ಚುಚ್ಚಿ ನೋಡಿ.

ಒರಲೆ, ಅಂದರೆ ಗೆದ್ದಲು, ಅಡಿಪಾಯದಿಂದ ಗೋಡೆಯ ಮೇಲೆ ಮಣ್ಣಿನ ಗೆರೆ ಎಳೆಯುತ್ತ ಹತ್ತುತ್ತದೆ. ಗೆರೆ ಕಂಡರೆ ಒಂದು ಅಂಗುಲದಷ್ಟು ಮುರಿದು ನಾಲ್ಕು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿಕೊಂಡಿದ್ದರೆ ಹುಳು ಜೀವಂತವಾಗಿದೆ, ಅಡಿಪಾಯದ ಸುತ್ತ ಮದ್ದು ಹಾಕಿಸುವ ಅಗತ್ಯವಿದೆ. ಬಾವಿ ಹತ್ತಿರವಿದ್ದರೆ ಯಾವ ಮದ್ದು, ಎಷ್ಟು ದೂರ ಎಂದು ಕೇಳದೆ ಹಾಕಿಸಬೇಡಿ.

ಮರಕ್ಕೆ ಹಳೆಯ ಮದ್ದು ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಒರಲೆಗೂ ತೇವಕ್ಕೂ ಅದರಷ್ಟು ಗಟ್ಟಿಯಾದದ್ದು ಕಡಿಮೆ. ಆದರೆ ಚರ್ಮಕ್ಕೆ ತಗುಲಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕೈಗೆ ರಬ್ಬರ್ ಗವಸು, ಮೈತುಂಬ ಬಟ್ಟೆ, ಮುಖಕ್ಕೂ ಕುತ್ತಿಗೆಗೂ ತೆಂಗಿನೆಣ್ಣೆ, ಇಷ್ಟು ಇಲ್ಲದೆ ಮುಟ್ಟಬೇಡಿ. ಮಕ್ಕಳು ಓಡಾಡುವ ಕಡೆ, ಕೈಗೆಟುಕುವ ಕಂಬಗಳಿಗೆ ಅದನ್ನು ಬಳಿಯುವುದು ಬೇಡ, ಮೇಲಿನ ಮರಕ್ಕೆ ಮಾತ್ರ ಸಾಕು.

ತಾರಸಿ

ತಾರಸಿಯ ರೋಗ ಒಂದೇ, ನೀರು ನಿಲ್ಲುವುದು. ಗುಡಿಸಿ ತೊಳೆದ ಮೇಲೆ ನಾಲ್ಕು ಕೊಡ ನೀರು ಸುರಿದು ಅದು ಎತ್ತ ಹೋಗುತ್ತದೆ ನೋಡಿ. ವಾಟ, ಅಂದರೆ ಇಳಿಜಾರು, ಸರಿಯಿದ್ದರೆ ಎಲ್ಲವೂ ಕೊಳವೆಯ ಬಾಯಿಗೆ ಹೋಗುತ್ತದೆ. ಅರ್ಧ ಗಂಟೆಯ ಮೇಲೂ ಕೆರೆಯ ಹಾಗೆ ನಿಂತಿದ್ದರೆ ಅಲ್ಲಿಗೆ ಗಾರೆ ಹಾಕಿಸಿ ವಾಟ ಸರಿಪಡಿಸಬೇಕು. ಅದನ್ನು ಬಿಟ್ಟು ಮೇಲೆ ಎಷ್ಟು ಬಣ್ಣ ಬಳಿದರೂ ಉಪಯೋಗವಿಲ್ಲ.

ಬಿರುಕುಗಳನ್ನು ಹಾಗೇ ಮುಚ್ಚಬೇಡಿ. ಉಳಿಯಿಂದ ಮೇಲೆ ಅಗಲ, ಕೆಳಗೆ ಕಿರಿದಾಗುವಂತೆ ಕೆತ್ತಿ, ಧೂಳು ಪೂರ್ತಿ ತೆಗೆದು, ಬಿರುಕು ತುಂಬುವ ಪೇಸ್ಟನ್ನು ಒತ್ತಿ ತುಂಬಿ. ಹೊರಗೋಡೆಯ ಕಟ್ಟೆ ಮತ್ತು ತಾರಸಿ ಕೂಡುವ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿಸಿ. ತೇವ ಒಳಗೆ ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ. ಸೋರಿಕೆ ತಡೆಯುವ ಲೇಪನವನ್ನು ಎರಡು ಕೈ ಬಳಿಯಬೇಕು. ಮೊದಲನೆಯದು ಉದ್ದಕ್ಕೆ, ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ತಾರಸಿಯಲ್ಲಿ ತೇವ ಇರುವಾಗ ಬಳಿದರೆ ಒಳಗಿನ ತೇವ ಆವಿಯಾಗಿ ಲೇಪನವನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ. ಆದ್ದರಿಂದ ಭರಣಿ ಮಳೆ ಬಿದ್ದಿದ್ದರೆ ನಾಲ್ಕು ದಿನದ ಒಳ್ಳೆಯ ಬಿಸಿಲಿಗೆ ಕಾಯಿರಿ. ಲೇಪನ ಚೆನ್ನಾಗಿ ಗಟ್ಟಿಯಾದ ಮೇಲೆ ಕೊಳವೆಗಳ ಬಾಯಿ ಮುಚ್ಚಿ ಒಂದಂಗುಲ ನೀರು ಒಂದು ದಿನ ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ.

ಕೊಳವೆಗಳ ಬಾಯಿಗೆ ಜಾಲರಿ ಹಾಕಿ. ಇಲ್ಲದಿದ್ದರೆ ಒಂದು ಸತ್ತ ಅಳಿಲು ಸಾಕು, ಇಡೀ ತಾರಸಿ ಕೆರೆಯಾಗುತ್ತದೆ.

ಮನೆಯ ಒಳಗೆ

ಮಾಡು ಮುಗಿದ ಮೇಲೆ ಮಾತ್ರ ಒಳಗೆ ಬನ್ನಿ. ಅಟ್ಟದ ಸಾಮಾನು ಪೂರ್ತಿ ಇಳಿಯಲಿ. ಬಟ್ಟೆಯಲ್ಲಿ ಮೂಗು ಬಾಯಿ ಕಟ್ಟಿಕೊಂಡು, ಉದ್ದ ಬಿದಿರಿಗೆ ಹಿಡಿಸೂಡಿ ಕಟ್ಟಿ ಇಲ್ಲಣ (ಹೊಗೆಯ ಮಸಿ), ಜೇಡರಬಲೆ ತೆಗೆಯಿರಿ. ಕಟ್ಟಿಗೆ ಒಲೆ ಇರುವ ಮನೆಯಲ್ಲಿ ಇಲ್ಲಣ ಜಡೆಯ ಹಾಗೆ ತೂಗಾಡುತ್ತದೆ. ಅದು ಬೇಗ ಬೆಂಕಿ ಹಿಡಿಯುವ ವಸ್ತು, ಒಲೆಯ ನೇರಕ್ಕಂತೂ ಒಂದೆಳೆಯೂ ಉಳಿಯಬಾರದು. ಇಲಿಯ, ಬಾವಲಿಯ ಹಿಕ್ಕೆ ಬಿದ್ದಿರುವ ಕಡೆ ಒಣಗಿದ್ದನ್ನು ಹಾಗೇ ಗುಡಿಸಿದರೆ ಧೂಳು ಉಸಿರಿಗೆ ಹೋಗುತ್ತದೆ. ಮೊದಲು ಸೋಂಕುನಾಶಕ ಬೆರೆಸಿದ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಕೈಗೆ ಗವಸು ಹಾಕಿಕೊಂಡು ಒದ್ದೆಯಾಗಿಯೇ ಬಳಿದು ತೆಗೆಯಿರಿ.

ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆ ಇರುವವರಿಗೆ ನನ್ನದೊಂದು ಕಳಕಳಿಯ ಮಾತು: ಗೋಡೆಯ ಕೆಳಭಾಗ ತೇವ ಹೀರುತ್ತದೆಂದು ಅದರ ಮೇಲೆ ಸಿಮೆಂಟು ಬಳಿಸಬೇಡಿ. ಹೀರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯೊಳಗೆ ಮೇಲೇರುತ್ತದೆ. ಮೊಣಕಾಲೆತ್ತರಕ್ಕೆ ಇದ್ದ ತೇವ ಎದೆಯೆತ್ತರಕ್ಕೆ ಬರುತ್ತದೆ. ಇಂಥ ಗೋಡೆಗೆ ಸುಣ್ಣವೇ ಸರಿ, ಅದು ಗೋಡೆಗೆ ಉಸಿರಾಡಲು ಬಿಡುತ್ತದೆ. ಸುಣ್ಣದ ಕಲ್ಲನ್ನು ಅಗಲ ಬಾಯಿಯ ಕಬ್ಬಿಣದ ಅಥವಾ ಮಣ್ಣಿನ ಪಾತ್ರೆಯಲ್ಲಿ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಿ. ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಮಕ್ಕಳು ದೂರವಿರಲಿ. ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟಿಗೆ ಸ್ವಲ್ಪ ಅಕ್ಕಿಗಂಜಿ ಸೇರಿಸಿ, ಹಾಲಿನಷ್ಟು ತೆಳ್ಳಗೆ ಮಾಡಿ. ದಪ್ಪ ಒಂದು ಕೈಗಿಂತ ತೆಳ್ಳಗಿನ ಮೂರು ಕೈ ಚೆನ್ನಾಗಿ ಹಿಡಿಯುತ್ತದೆ. ಗೋಡೆಯನ್ನು ಮೊದಲು ಒದ್ದೆ ಮಾಡಿಕೊಳ್ಳಬೇಕು.

ಹಾಸಿಗೆ, ಕಂಬಳಿ, ದಿಂಬುಗಳನ್ನು ಮೂರು ದಿನ ಮಗುಚಿ ಮಗುಚಿ ಬಿಸಿಲಿಗೆ ಹಾಕಿ. ರೇಷ್ಮೆ ಸೀರೆಗಳಿಗೆ ಮಾತ್ರ ಬಿಸಿಲು ತಾಗಬಾರದು, ನೆರಳಿನ ಗಾಳಿಯಲ್ಲಿ ಹರವಿ, ಮಡಿಕೆ ಬದಲಿಸಿ, ಪ್ಲಾಸ್ಟಿಕ್ ಚೀಲದಿಂದ ತೆಗೆದು ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಒಳಗೆ ಬೆವರಿ ಬೂಷ್ಟು ಹಿಡಿಸುತ್ತದೆ. ನಡುವೆ ಲಾವಂಚದ ಬೇರು ಇಟ್ಟರೆ ಪರಿಮಳವೂ ಇರುತ್ತದೆ. ಪುಸ್ತಕ, ಬೀರು, ಮಂಚ ಯಾವುದನ್ನೂ ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಗಾಳಿ ಓಡಾಡಲಿ. ಜಮೀನಿನ ಪಹಣಿ, ಕ್ರಯಪತ್ರ, ಮಕ್ಕಳ ಅಂಕಪಟ್ಟಿಗಳನ್ನು ಒಂದು ಒಣ ದಿನ ಬಿಗಿಮುಚ್ಚಳದ ಡಬ್ಬಿಗೆ ಹಾಕಿ ಎತ್ತರದಲ್ಲಿಡಿ. ಅವುಗಳ ಫೋಟೊ ಮೊಬೈಲಿನಲ್ಲಿಯೂ ಇರಲಿ.

ಅಂಗಳ, ಚರಂಡಿ, ಧರೆ

ಸೂರಿನಿಂದ ಇಳಿದ ನೀರು ಈಗ ನೆಲಕ್ಕೆ ಬಂತು. ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ನೆಲದಲ್ಲಿ ಗುಳಿಗಳಾಗಿರುತ್ತವೆ. ಅಲ್ಲಿಗೆ ಜಲ್ಲಿ ಅಥವಾ ಚಪ್ಪಡಿ ಹಾಕಿದರೆ ಕೆಸರು ಗೋಡೆಗೆ ಸಿಡಿಯುವುದು ನಿಲ್ಲುತ್ತದೆ. ಮಳೆ ಎರಚುವ ದಿಕ್ಕಿನ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ನಮ್ಮ ಹಳೆಯ ರೂಢಿ. ಈಗ ಹಲವರು ಟಾರ್ಪಾಲು ಕಟ್ಟುತ್ತಾರೆ. ಕೈಗೆ ಸೋಗೆ ಸಿಗುವವರು ತಟ್ಟಿಯನ್ನೇ ಕಟ್ಟಲಿ ಎನ್ನುತ್ತೇನೆ. ಅದು ನೀರನ್ನು ತಡೆದು ಗಾಳಿಯನ್ನು ಬಿಡುತ್ತದೆ, ಒಳಗೆ ಬೂಷ್ಟು ಕಡಿಮೆ.

ಚರಂಡಿ ಬಿಡಿಸುವಾಗ ಕೆಳತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಮೊದಲು ನೀರು ಹೊರಹೋಗುವ ಬಾಯಿ ತೆರೆದಿರಬೇಕು. ತೆಗೆದ ಮಣ್ಣನ್ನು ಚರಂಡಿಯ ದಂಡೆಯಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೇ ಅದು ಮತ್ತೆ ಒಳಗೆ ಬರುತ್ತದೆ, ತೋಟಕ್ಕೆ ಹೊತ್ತುಹಾಕಿ. ನಿಮ್ಮ ಚರಂಡಿ ಪಕ್ಕದ ಮನೆಯವರ ಅಂಗಳಕ್ಕೆ ಅಥವಾ ರಸ್ತೆಗೆ ನುಗ್ಗುವಂತಿದ್ದರೆ ಈಗಲೇ ಕೂತು ಮಾತಾಡಿ ಸರಿಮಾಡಿಕೊಳ್ಳಿ. ಮಳೆ ಹಿಡಿದ ಮೇಲೆ ಆ ಮಾತು ಜಗಳವಾಗುತ್ತದೆ.

ಮಲೆನಾಡಿನ ಮನೆಗಳು ಹೆಚ್ಚಾಗಿ ಗುಡ್ಡವನ್ನು ಕಡಿದು ಮಾಡಿದ ಜಾಗದಲ್ಲಿವೆ. ಮನೆಯ ಹಿಂದೆ ನಿಂತಿರುವ ಆ ಕಡಿದ ಮಣ್ಣಿನ ಗೋಡೆಯೇ ಧರೆ. ಮಾಡು ಸೋರಿದರೆ ಸಾಮಾನು ಹಾಳಾಗುತ್ತದೆ, ಧರೆ ಜರಿದರೆ ಜೀವ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿ ಮನೆಗಳು ಮಣ್ಣಾದದ್ದನ್ನು ಈ ಸೀಮೆಯವರು ಯಾರೂ ಮರೆಯುವ ಹಾಗಿಲ್ಲ. ಆದ್ದರಿಂದ ಒಂದು ಇಡೀ ಬೆಳಿಗ್ಗೆಯನ್ನು ಧರೆಗೇ ಮೀಸಲಿಡಿ.

ಮೊದಲು ಧರೆಯ ಮೇಲಕ್ಕೆ ಹತ್ತಿ ಅಂಚಿನಿಂದ ಒಳಗೆ ಹತ್ತಾರು ಅಡಿ ನಡೆದು ನೋಡಿ. ಅಂಚಿಗೆ ಸಮಾನಾಂತರವಾಗಿ ನೆಲ ಬಿರಿದಿದೆಯೇ, ಮರಗಳು ಮನೆಯ ಕಡೆ ವಾಲಿವೆಯೇ, ಬೇಲಿಯ ಕಂಬಗಳು ಸಾಲು ತಪ್ಪಿವೆಯೇ? ಇವು ಮಣ್ಣು ಜಾರತೊಡಗಿದ ಗುರುತುಗಳು. ಸಣ್ಣ ಬಿರುಕಾದರೆ ನೀರು ಇಳಿಯದಂತೆ ಜೇಡಿಮಣ್ಣು ತುಂಬಿ ಗುದ್ದಿ. ಅಂಚಿನಿಂದ ಒಳಗೆ, ಗುಡ್ಡದ ನೀರು ಧರೆಯ ಮೇಲೆ ಬರುವ ಮೊದಲೇ ಹಿಡಿದು ಬದಿಗೆ ಒಯ್ಯುವ ಅಡ್ಡಗಾಲುವೆ ಇರಬೇಕು. ಇದ್ದರೆ ಎಲೆ ಮಣ್ಣು ತೆಗೆಯಿರಿ, ಇಲ್ಲದಿದ್ದರೆ ಈ ವರ್ಷವೇ ತೋಡಿಸಿ. ಆ ಕಾಲುವೆಯಲ್ಲಿ ನೀರು ನಿಂತು ಇಂಗಬಾರದು, ಹರಿದು ಹೋಗಬೇಕು. ಇಂಗಿದ ನೀರು ಧರೆಯನ್ನು ಒಳಗಿನಿಂದ ಸಡಿಲಿಸುತ್ತದೆ. ಇಂಗುಗುಂಡಿಗಳು ಒಳ್ಳೆಯವೇ, ಆದರೆ ಮನೆಯ ಮೇಲಿನ ಇಳಿಜಾರಿನಲ್ಲಿ ಮಾತ್ರ ಬೇಡ.

ಧರೆಯ ಮೈಮೇಲಿನ ಹುಲ್ಲು, ಜರೀಗಿಡ ಕೆತ್ತಬೇಡಿ. ನೋಡಲು ಚೊಕ್ಕಟವಾಗಿ ಕಾಣಲೆಂದು ಕೆಂಪು ಮಣ್ಣು ಕಾಣುವ ಹಾಗೆ ಕೆತ್ತಿಸುವವರಿದ್ದಾರೆ. ಆ ಬೇರುಗಳೇ ಮಣ್ಣನ್ನು ಹಿಡಿದಿವೆ. ಬೋಳಾದ ಕಡೆ ಲಾವಂಚ ನೆಡಿ, ಅದರ ಬೇರು ನೇರ ಆಳಕ್ಕೆ ಇಳಿಯುತ್ತದೆ. ಬುಡದಲ್ಲಿ ಮಣ್ಣು ಬೇಕೆಂದು ಅಗೆಯುವುದನ್ನಂತೂ ಮಾಡಲೇಬಾರದು. ಕಲ್ಲಿನ ತಡೆಗೋಡೆ ಇದ್ದರೆ ಅದರ ನೀರುಕಂಡಿಗಳನ್ನು ಕೋಲಿನಿಂದ ಚುಚ್ಚಿ ತೆರೆಯಿರಿ.

ಮಳೆ ಹಿಡಿದ ಮೇಲೆ ಧರೆಯಿಂದ ಹೊಸದಾಗಿ ಒರತೆ ಹುಟ್ಟಿ ಕೆಸರುನೀರು ಬರತೊಡಗಿದರೆ, ಅಥವಾ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ನಿಂತರೆ, ಆ ರಾತ್ರಿ ಮನೆಯಲ್ಲಿ ಮಲಗಬೇಡಿ. ಯಾರ ಮನೆಗೆ ಹೋಗುವುದೆಂದು ಮೇ ತಿಂಗಳಲ್ಲಿಯೇ ಮಾತಾಡಿಟ್ಟುಕೊಳ್ಳಿ. ಧರೆ ಕಡೆಯ ಕೋಣೆಯಲ್ಲಿ ಮಕ್ಕಳನ್ನೂ ಮುದುಕರನ್ನೂ ಆ ನಾಲ್ಕು ತಿಂಗಳು ಮಲಗಿಸದಿರುವುದು ಒಳ್ಳೆಯದು.

ಬಾವಿ

ಕೆಸರು ತೆಗೆಸಲು ನೀರು ತಳ ಕಾಣುವ ಮೇ ತಿಂಗಳೇ ಸರಿಯಾದ ಕಾಲ. ಆದರೆ ಬಾವಿಯ ತಳದಲ್ಲಿ ಉಸಿರುಗಟ್ಟಿಸುವ ಗಾಳಿ ಕೂಡಿರಬಹುದು. ದೀಪ ಇಳಿಬಿಟ್ಟು ನೋಡುವ ರೂಢಿಯನ್ನು ನಂಬಿ ಕೂರಬೇಡಿ, ಎಲ್ಲ ವಿಷಗಾಳಿಯನ್ನೂ ದೀಪ ತೋರಿಸುವುದಿಲ್ಲ. ಉರಿಯುವ ಅನಿಲವಿದ್ದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಇಳಿಯುವವರು ಅನುಭವಸ್ಥರಾಗಿರಬೇಕು, ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಕನಿಷ್ಠ ಇಬ್ಬರು ಗಟ್ಟಿಗರು ನಿಂತಿರಬೇಕು, ಬ್ಲೋವರ್‌ನಿಂದ ಮೊದಲೇ ಗಾಳಿ ಊದಿಸಿರಬೇಕು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಬಾರದು, ಅದರ ಹೊಗೆ ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ. ಒಳಗೆ ಒಬ್ಬರು ಕುಸಿದರೆ ಅವರನ್ನು ಹಿಡಿಯಲು ಇನ್ನೊಬ್ಬರು ಹಾಗೇ ಇಳಿಯಬಾರದು, ಹಗ್ಗದಿಂದ ಎಳೆಯಬೇಕು.

ಕಟ್ಟೆಯ ಬಿರುಕು ಮುಚ್ಚಿ, ಸುತ್ತಲಿನ ನೆಲ ಹೊರಗೆ ಇಳಿಜಾರಾಗಿರುವಂತೆ ನೋಡಿ. ಅಂಗಳದ ನೀರು ಬಾವಿಗೆ ಹೋಗಬಾರದು. ಬ್ಲೀಚಿಂಗ್ ಪುಡಿಯ ಲೆಕ್ಕ ಸುಲಭ. ಮೀಟರಿನಲ್ಲಿ ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಎಷ್ಟು ಲೀಟರ್ ನೀರಿದೆ ಎಂದು ತಿಳಿಯುತ್ತದೆ. ಎರಡೂವರೆ ಮೀಟರ್ ವ್ಯಾಸ, ಮೂರು ಮೀಟರ್ ನೀರು ಇದ್ದರೆ ಸುಮಾರು 14,700 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಸುಮಾರು 37 ಗ್ರಾಂ ಪುಡಿ ಬೇಕು. ಪುಡಿ ಹೊಸದಿರಬೇಕು, ತೆರೆದಿಟ್ಟ ಹಳೆಯ ಪುಡಿಯಲ್ಲಿ ಕಸುವು ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಊಟವಾದ ಮೇಲೆ ಹಾಕಿದರೆ ಬೆಳಿಗ್ಗೆ ಸೇದಬಹುದು. ಕಡಿಮೆಯೆಂದರೆ ಒಂದು ಗಂಟೆ ಬಿಡಲೇಬೇಕು. ಬಾವಿ ತುಂಬಿದ ಮೇಲೆ ಆಳ ಅಳೆದು ಲೆಕ್ಕ ಮತ್ತೆ ಹಾಕಿ. ಬಚ್ಚಲು ತೊಳೆಯುವ ಆಸಿಡ್ ಈ ಪುಡಿಯ ಹತ್ತಿರವೂ ಸುಳಿಯದಿರಲಿ, ಎರಡೂ ಬೆರೆತರೆ ವಿಷದ ಅನಿಲ ಏಳುತ್ತದೆ.

ಶೌಚದ ಗುಂಡಿ ತುಂಬಿದ್ದರೆ ಈಗಲೇ ಯಂತ್ರದ ಗಾಡಿಯಿಂದ ಖಾಲಿ ಮಾಡಿಸಿ. ಮಳೆಯಲ್ಲಿ ಅಂತರ್ಜಲ ಏರಿದರೆ ಅದು ಉಕ್ಕುತ್ತದೆ. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನು ಇರದಿದ್ದರೂ ಯಾರನ್ನೂ ಅಲ್ಲಿಗೆ ಇಳಿಸಬಾರದು.

ಕರೆಂಟು, ಸೌದೆ, ಸೊಳ್ಳೆ

ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ, ತಂತಿ ತುಕ್ಕು ಹಿಡಿದಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಸೋರಿಕೆ ವಿದ್ಯುತ್ ತಡೆಯುವ ಸ್ವಿಚ್ಚಿನಲ್ಲಿ ಪರೀಕ್ಷೆಯ ಗುಂಡಿ ಇರುತ್ತದೆ. ಒತ್ತಿದ ಕೂಡಲೇ ಕರೆಂಟು ಹೋಗಬೇಕು, ಹೋಗದಿದ್ದರೆ ಸ್ವಿಚ್ ಬದಲಿಸಿ. ತಂತಿಗೆ ತಾಗುವ ಕೊಂಬೆಗಳನ್ನು ನೀವೇ ಕಡಿಯಬೇಡಿ, ಲೈನ್‌ಮನ್‌ಗೆ ಹೇಳಿ ಅಥವಾ 1912ಕ್ಕೆ ಕರೆ ಮಾಡಿ.

ಸೌದೆಯನ್ನು ನೆಲಕ್ಕೆ ತಾಗದಂತೆ ಎರಡು ದಿಮ್ಮಿಗಳ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಪೇರಿಸಿ. ಮಳೆಗಾಲದಲ್ಲಿ ಅದರಿಂದ ಸೌದೆ ಎಳೆಯುವ ಮೊದಲು ಕೋಲಿನಿಂದ ತಟ್ಟಿ, ಹಾವು ಬೆಚ್ಚಗಿರುವ ಜಾಗ ಅದು. ಬೇಸಿಗೆಯಲ್ಲಿ ಕಾಡಿನಿಂದ ಸೌದೆ, ತರಗೆಲೆ ತರುವವರು ಉಣುಗಿನ ಬಗ್ಗೆ ಎಚ್ಚರವಾಗಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದೂ ಈ ಒಣ ತಿಂಗಳುಗಳಲ್ಲಿಯೇ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೆ ಟೈರು, ಮಡಕೆ, ನೀರು ನಿಲ್ಲುವ ಯಾವುದೂ ಬಾಯಿ ಮೇಲಾಗಿ ಇರಬಾರದು. ಡೆಂಗಿ ಸೊಳ್ಳೆಯ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಇದೊಂದು ಸುತ್ತು ಬೇಕೇ ಬೇಕು.

ಮೊದಲ ಮಳೆಯ ದಿನ

ಕೊನೆಯ ಕೆಲಸ ಮಳೆ ಬಂದ ದಿನದ್ದು. ಮೊದಲ ದೊಡ್ಡ ಮಳೆ ಹಿಡಿದು ಅರ್ಧ ಗಂಟೆಯಾದ ಮೇಲೆ, ಗುಡುಗು ಸಿಡಿಲು ಇಲ್ಲದಿದ್ದರೆ, ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಹರಣಿಯ ಧಾರೆ ತುಂಬಿ ಬೀಳುತ್ತಿದೆಯೇ, ಚರಂಡಿಯಲ್ಲಿ ನೀರು ಎಲ್ಲಿ ತಡೆದು ನಿಂತಿದೆ, ಅಡ್ಡಗಾಲುವೆಯ ನೀರು ಬದಿಗೆ ಹೋಗುತ್ತಿದೆಯೇ ಅಥವಾ ಧರೆಯ ಮೇಲಿಂದ ಇಳಿಯುತ್ತಿದೆಯೇ, ಎಲ್ಲವೂ ಆ ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ಗುದ್ದಲಿ ಜೊತೆಯಲ್ಲೇ ಇರಲಿ. ಆಮೇಲೆ ತಲೆ ಒರೆಸಿಕೊಂಡು ಅಟ್ಟ ಹತ್ತಿ, ಟಾರ್ಚ್ ಹಿಡಿದು ಪಕಾಸಿಗಳನ್ನು ಒಂದೊಂದಾಗಿ ನೋಡಿ. ಹೊಳೆಯುವ ಒದ್ದೆ ಗೆರೆ ಎಲ್ಲಾದರೂ ಕಂಡರೆ ಅದರ ಮೇಲ್ತುದಿಗೆ ಇದ್ದಿಲಿನಿಂದ ಗೀಟು ಹಾಕಿ, ಕೆಳಗೊಂದು ಬಕೆಟ್ ಇಡಿ. ಹೊಳವಾದ ದಿನ ಒಳಗಿನಿಂದಲೇ ಆ ಹೆಂಚನ್ನು ಎತ್ತಿ ಸರಿಸಿ ಕೂರಿಸಬಹುದು. ಅದಕ್ಕೂ ಬಗ್ಗದಿದ್ದರೆ ಇದ್ದಿಲಿನ ಗೀಟು ಅಲ್ಲೇ ಇರಲಿ. ಮುಂದಿನ ಏಪ್ರಿಲ್‌ನಲ್ಲಿ ಮಾಡು ಹತ್ತುವವರಿಗೆ ತೋರಿಸಬೇಕಾದ ಜಾಗ ಅದೇ.